ಕಲ್ಲಿನಲ್ಲಿ ಹುಟ್ಟುವ ಆಲ್ಫಾ ಕಣ

ಕೇಳುಗರೇ, ಆಲ್ಫಾ ಕಣ ಹುಟ್ಟುವುದು ಭಾರವಾದ ಪರಮಾಣುವಿನ ಬೀಜದಲ್ಲಿ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಬಿಗಿಯಾಗಿ ಬೆಸೆದುಕೊಂಡು ಒಂದೇ ಕಣವಾಗಿ ಹೊರಬೀಳುತ್ತವೆ. ಅದೇ ಆಲ್ಫಾ ಕಣ. ಅದನ್ನು ಹೊರಹಾಕಿದ ಪರಮಾಣು ಮೊದಲಿನ ಪರಮಾಣುವಾಗಿ ಉಳಿಯುವುದಿಲ್ಲ. ಬೇರೊಂದು ಧಾತುವಾಗಿ ಬದಲಾಗುತ್ತದೆ. ಈ ಬದಲಾವಣೆಯನ್ನೇ ಆಲ್ಫಾ ಕ್ಷಯ ಎನ್ನುತ್ತಾರೆ.

ಇದಕ್ಕೆ ಅಣುಸ್ಥಾವರವೇ ಬೇಕೆಂದಿಲ್ಲ. ಚನ್ನಗಿರಿಯ ಗುಡ್ಡದ ಬಂಡೆಯಲ್ಲಿ ಆಲ್ಫಾ ಕಣ ಹುಟ್ಟುತ್ತಿದೆ. ಹೊನ್ನಾಳಿಯ ಬಳಿ ತುಂಗಭದ್ರೆ ತಂದು ಹಾಕಿದ ಮರಳಿನಲ್ಲಿ ಹುಟ್ಟುತ್ತಿದೆ. ನ್ಯಾಮತಿಯ ಹಳೆಯ ಮನೆಗೆ ಹಾಸಿದ ಕಲ್ಲುಚಪ್ಪಡಿಯಲ್ಲಿ, ಜಗಳೂರಿನ ಬೋರ್‌ವೆಲ್ ನೀರಿನಲ್ಲಿ ಈ ಹೊತ್ತಿಗೂ ಹುಟ್ಟುತ್ತಿದೆ. ಕಾರಣ ಸರಳ. ಭೂಮಿಯ ಎಲ್ಲ ಕಲ್ಲು ಮಣ್ಣಿನಲ್ಲೂ ಯುರೇನಿಯಂ ಮತ್ತು ಥೋರಿಯಂ ಅತ್ಯಲ್ಪ ಪ್ರಮಾಣದಲ್ಲಿ ಇವೆ. ಈ ಎರಡೂ ಆಲ್ಫಾ ಕಣಗಳನ್ನು ಬಿಡುವ ಧಾತುಗಳು.

ಲೆಕ್ಕ ಹಾಕಿ ನೋಡಬಹುದು. ಸಾಧಾರಣ ಗ್ರಾನೈಟ್ ಕಲ್ಲಿನಲ್ಲಿ ಒಂದು ಕಿಲೋಗೆ ಸುಮಾರು 3 ಮಿಲಿಗ್ರಾಂ ಯುರೇನಿಯಂ ಇರುತ್ತದೆ. ಅಷ್ಟು ಯುರೇನಿಯಂ ಮತ್ತು ಅದರಿಂದ ಹುಟ್ಟಿದ ಧಾತುಗಳು ಸೇರಿ ಸೆಕೆಂಡಿಗೆ ಸುಮಾರು 300 ಆಲ್ಫಾ ಕಣಗಳನ್ನು ಬಿಡುತ್ತವೆ. ಅದೇ ಕಲ್ಲಿನ ಥೋರಿಯಂ ಕಡೆಯಿಂದ ಬರುವುದು ಹೆಚ್ಚುಕಡಿಮೆ ಇನ್ನಷ್ಟೇ. ಇಷ್ಟೆಲ್ಲ ನಡೆದರೂ ಆ ಕಲ್ಲಿನ ಮೇಲೆ ಕೂತವರಿಗೆ ಆಲ್ಫಾ ಕಣಗಳಿಂದ ಏನೂ ಆಗುವುದಿಲ್ಲ. ಏಕೆ ಆಗುವುದಿಲ್ಲ, ಎಲ್ಲಿ ಮಾತ್ರ ಆಗುತ್ತದೆ ಎಂಬುದೇ ಈ ಮಾತಿನ ವಿಷಯ. ಆಲ್ಫಾ ಕಣದ ವಿಚಾರದಲ್ಲಿ ಅದು ಎಲ್ಲಿ ಹುಟ್ಟಿತು ಎಂಬ ಒಂದೇ ಪ್ರಶ್ನೆ ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲು, ಅದು ಹೊರಬರುವ ಬಗೆ. ಯುರೇನಿಯಂ-238ರ ಬೀಜದಲ್ಲಿ 92 ಪ್ರೋಟಾನ್, 146 ನ್ಯೂಟ್ರಾನ್ ಇವೆ. ಪ್ರೋಟಾನುಗಳು ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಬೀಜಬಲ ಅವನ್ನು ಹಿಡಿದಿಡುತ್ತದೆ. ಬೀಜ ದೊಡ್ಡದಾದಷ್ಟೂ ತಳ್ಳಾಟ ಹೆಚ್ಚು, ಹಿಡಿತ ಸಡಿಲ. ಎರಡು ಪ್ರೋಟಾನ್ ಎರಡು ನ್ಯೂಟ್ರಾನಿನ ಕೂಟವಾದರೋ ಬಹಳ ಗಟ್ಟಿ. ಅದನ್ನು ಒಟ್ಟಾಗಿ ಹೊರಹಾಕಿದರೆ ದೊಡ್ಡ ಬೀಜಕ್ಕೆ ಲಾಭ. ಆದ್ದರಿಂದಲೇ ಒಂಟಿ ಪ್ರೋಟಾನ್ ಬದಲು ಆಲ್ಫಾ ಕಣ ಹೊರಬರುತ್ತದೆ.

ಇಲ್ಲೊಂದು ಒಗಟು ಇತ್ತು. ಬೀಜದ ಸುತ್ತ ಶಕ್ತಿಯ ಒಂದು ತಡೆ ಇದೆ. ಅದನ್ನು ದಾಟಲು ಬೇಕಾದ ಶಕ್ತಿ ಆಲ್ಫಾ ಕಣದ ಬಳಿ ಇರುವುದಿಲ್ಲ. ಹಳೆಯ ಭೌತವಿಜ್ಞಾನದ ಪ್ರಕಾರ ಅದು ಎಂದೆಂದಿಗೂ ಒಳಗೇ ಉಳಿಯಬೇಕು. ಉತ್ತರ ಬಂದದ್ದು 1928ರಲ್ಲಿ. ಜಾರ್ಜ್ ಗ್ಯಾಮೋ ಒಂದು ಕಡೆ, ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಇನ್ನೊಂದು ಕಡೆ ಅದನ್ನು ಬಿಡಿಸಿದರು. ಕ್ವಾಂಟಂ ನಿಯಮದಂತೆ, ತಡೆಯನ್ನು ಹತ್ತದೆಯೇ ಅದರ ಆಚೆ ಕಾಣಿಸಿಕೊಳ್ಳುವ ಸಾಧ್ಯತೆ ಕಣಕ್ಕೆ ಇರುತ್ತದೆ. ಸಾಧ್ಯತೆ ತೀರ ಸಣ್ಣದು. ಆದರೆ ಸೊನ್ನೆಯಲ್ಲ.

ಆ ಸಣ್ಣ ಸಾಧ್ಯತೆಯ ಫಲವೇ ಅರ್ಧಾಯು. ಅಂದರೆ, ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ. ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ. ರೇಡಿಯಂ-226ರದು 1,600 ವರ್ಷ. ರೇಡಾನ್-222ರದು ನಾಲ್ಕು ದಿನಕ್ಕಿಂತ ತುಸು ಕಡಿಮೆ. ಪೊಲೋನಿಯಂ-214ರದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಇಲ್ಲ. ಈ ಸಾಲಿನಲ್ಲಿ ಅಲ್ಪಾಯುವಿನ ಧಾತು ಬಿಡುವ ಕಣವೇ ಬಿರುಸಿನ ಕಣ. ಯುರೇನಿಯಂ ಬಿಡುವ ಆಲ್ಫಾ ಕಣದ ಶಕ್ತಿ ಸುಮಾರು 42 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಪೊಲೋನಿಯಂ-214 ಬಿಡುವುದರದು ಸುಮಾರು 77 ಲಕ್ಷ. ಶಕ್ತಿಯ ಅಂತರ ಎರಡು ಪಟ್ಟೂ ಇಲ್ಲ. ಆಯಸ್ಸಿನ ಅಂತರ ಮಾತ್ರ ಊಹೆಗೆ ನಿಲುಕದು. ಹ್ಯಾನ್ಸ್ ಗೈಗರ್ ಮತ್ತು ಜಾನ್ ನಟಾಲ್ ಈ ಸಂಬಂಧವನ್ನು 1911ರಲ್ಲೇ ಗುರುತಿಸಿದ್ದರು. ಅದಕ್ಕೆ ಕಾರಣ ತಿಳಿದದ್ದು ಗ್ಯಾಮೋ ಅವರ ಲೆಕ್ಕದಿಂದ.

ಈ ಲಕ್ಷಗಳು ಎಷ್ಟು ದೊಡ್ಡವು? ಸೌದೆ ಉರಿಯುವಾಗ ಒಂದೊಂದು ಪರಮಾಣುವಿನಿಂದ ಸಿಗುವುದು ಕೆಲವೇ ಎಲೆಕ್ಟ್ರಾನ್ ವೋಲ್ಟ್. ಆಲ್ಫಾ ಕ್ಷಯದಲ್ಲಿ ಒಂದು ಪರಮಾಣುವಿನಿಂದ ಸಿಗುವುದು ಅದರ ಲಕ್ಷಾಂತರ ಪಟ್ಟು.

ಇನ್ನೊಂದು ಮಾತು ಇಲ್ಲೇ ಸೇರಬೇಕು. ಕಣ ಮುಂದಕ್ಕೆ ಹೋದಾಗ ಅದನ್ನು ಬಿಟ್ಟ ಪರಮಾಣು ಹಿಂದಕ್ಕೆ ಒದೆಯುತ್ತದೆ. ಆ ಹಿನ್ನೂಕಿನ ದೂರ ಕಲ್ಲಿನಲ್ಲಿ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಭಾಗದಷ್ಟೂ ಇಲ್ಲ. ಆದರೂ ಇದನ್ನು ನೆನಪಿನಲ್ಲಿ ಇಡಬೇಕು. ಮುಂದೆ ರೇಡಾನಿನ ಮಾತು ಬಂದಾಗ ಇದು ಬೇಕಾಗುತ್ತದೆ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಭಾರವಾದ ಬೀಜ ಎರಡು ಪ್ರೋಟಾನ್, ಎರಡು ನ್ಯೂಟ್ರಾನುಗಳ ಕೂಟವನ್ನು ಹೊರಹಾಕುತ್ತದೆ. ಆ ಕಣಕ್ಕೆ ಅಪಾರ ಶಕ್ತಿ ಇದೆ. ಇನ್ನು, ಹೊರಬಂದ ಮೇಲೆ ಅದು ಏನು ಮಾಡುತ್ತದೆ ಎಂಬುದು.

ಹೊರಟಾಗ ಅದರ ವೇಗ ಸೆಕೆಂಡಿಗೆ ಸುಮಾರು 15,000 ಕಿಲೋಮೀಟರ್. ಬೆಳಕಿನ ವೇಗದ ಇಪ್ಪತ್ತರಲ್ಲೊಂದು ಭಾಗ. ಇಷ್ಟು ವೇಗದ ಕಣ ಎಷ್ಟು ದೂರ ಹೋಗಬಹುದು? ಗಾಳಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್. ಬಲಿಷ್ಠವಾದದ್ದು ಆರೇಳು ಸೆಂಟಿಮೀಟರ್. ಅಷ್ಟರಲ್ಲಿ ನಿಂತುಹೋಗುತ್ತದೆ. ಪತ್ರಿಕೆಯ ಒಂದು ಹಾಳೆ ಅಡ್ಡ ಹಿಡಿದರೆ ಅದನ್ನು ದಾಟಲಾರದು. ಮೈಮೇಲಿನ ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದು. ಆ ಪದರವೇ ಅದನ್ನು ತಡೆಯುತ್ತದೆ.

ಕಾರಣ ಅದರ ಭಾರ ಮತ್ತು ವಿದ್ಯುದಂಶ. ಆಲ್ಫಾ ಕಣ ಎಲೆಕ್ಟ್ರಾನಿಗಿಂತ 7,000 ಪಟ್ಟಿಗೂ ಹೆಚ್ಚು ಭಾರ. ಅದರ ಮೇಲೆ ಎರಡು ಪಾಲು ಧನವಿದ್ಯುತ್ ಇದೆ. ದಾರಿಯಲ್ಲಿ ಸಿಕ್ಕ ಪ್ರತಿ ಪರಮಾಣುವಿನ ಎಲೆಕ್ಟ್ರಾನುಗಳನ್ನೂ ಅದು ಎಳೆಯುತ್ತದೆ, ಕಿತ್ತು ಬಿಸಾಡುತ್ತದೆ. ಪ್ರತಿ ಸಲವೂ ತನ್ನ ಶಕ್ತಿಯಲ್ಲಿ ಒಂದಿಷ್ಟು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿದ ಮೆಕ್ಕೆಜೋಳದ ಲೋಡಿನ ಟ್ರ್ಯಾಕ್ಟರ್ ಹೇಗೆ ಆಳವಾದ ಜಾಡು ಕೊರೆದು ಸ್ವಲ್ಪ ದೂರಕ್ಕೇ ಹೂತುಕೊಳ್ಳುತ್ತದೋ, ಹಾಗೆ. 50 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಒಂದು ಆಲ್ಫಾ ಕಣ ಆ ಮೂರೂವರೆ ಸೆಂಟಿಮೀಟರ್ ಗಾಳಿಯಲ್ಲೇ ಸುಮಾರು ಒಂದೂವರೆ ಲಕ್ಷ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಬೀಟಾ ಕಣ, ಅಂದರೆ ಬೀಜದಿಂದ ಬರುವ ಎಲೆಕ್ಟ್ರಾನ್, ಗಾಳಿಯಲ್ಲಿ ಮೀಟರುಗಟ್ಟಲೆ ಹೋಗಬಲ್ಲದು. ಅದರ ಜಾಡು ತೆಳುವಾದದ್ದು. ಗಾಮಾ ಕಿರಣವಂತೂ ಗೋಡೆಯನ್ನೇ ಹಾಯುತ್ತದೆ.

ಆಲ್ಫಾ ಕಣದ ಹಾನಿ ಕೊನೆಯ ಹೆಜ್ಜೆಗಳಲ್ಲಿ ಇನ್ನೂ ಹೆಚ್ಚು. ನಿಧಾನವಾದಷ್ಟೂ ಅದು ಸುತ್ತಲಿನ ಪರಮಾಣುಗಳ ಮೇಲೆ ಹೆಚ್ಚು ಹೊತ್ತು ಬಲ ಬೀರುತ್ತದೆ. ನಿಲ್ಲುವ ಮುನ್ನ ಶಕ್ತಿಯನ್ನು ದಟ್ಟವಾಗಿ ಸುರಿಯುತ್ತದೆ. ಇದನ್ನು 1904ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ವಿಲಿಯಂ ಹೆನ್ರಿ ಬ್ರ್ಯಾಗ್ ಕಂಡುಕೊಂಡರು.

ನಿಂತ ಮೇಲೆ ಅದರ ಗತಿಯೇನು? ಸುತ್ತಲಿನಿಂದ ಎರಡು ಎಲೆಕ್ಟ್ರಾನ್ ಸೆಳೆದುಕೊಳ್ಳುತ್ತದೆ. ಆಗ ಅದು ಹೀಲಿಯಂ ಅನಿಲದ ಪರಮಾಣು. ಜಾತ್ರೆಯಲ್ಲಿ ಮೇಲಕ್ಕೆ ಹಾರುವ ಬಲೂನಿನೊಳಗಿನ ಹೀಲಿಯಂ ಹೆಚ್ಚುಕಡಿಮೆ ಪೂರ್ತಿಯಾಗಿ ಹೀಗೇ ನೆಲದೊಳಗೆ ಹುಟ್ಟಿದ್ದು.

ಈ ಹೀಲಿಯಂ ಕತೆಯ ಒಂದು ಎಳೆ ಕರ್ನಾಟಕದಲ್ಲೇ ಇದೆ. 1868ರ ಆಗಸ್ಟ್ 18ರಂದು ಭಾರತದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸನ್ ರೋಹಿತದರ್ಶಕ ಹಿಡಿದು ಕಾದಿದ್ದರು. ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಗಳ ಬೆಳಕಿನಲ್ಲಿ ಪ್ರಕಾಶಮಾನವಾದ ಗೆರೆಗಳು ಕಂಡವು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅವುಗಳಲ್ಲಿನ ಒಂದು ಹಳದಿ ಗೆರೆಯನ್ನು ಅಳೆದರು. ಅದು ಆವರೆಗೆ ತಿಳಿದಿದ್ದ ಯಾವ ಧಾತುವಿನದೂ ಆಗಿರಲಿಲ್ಲ. ಭೂಮಿಯ ಮೇಲೆ ಅದೇ ಗೆರೆ ಸಿಕ್ಕಿದ್ದು 1895ರಲ್ಲಿ. ವಿಲಿಯಂ ರ‍್ಯಾಮ್ಸೆ ಅವರಿಗೆ ಅದು ಸಿಕ್ಕಿದ್ದು ಯುರೇನಿಯಂ ಇರುವ ಒಂದು ಖನಿಜದಲ್ಲಿ. ಯುರೇನಿಯಂ ಇದ್ದಲ್ಲಿ ಹೀಲಿಯಂ ಏಕೆ ಇರಬೇಕು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆಸಿದವರು ಅರ್ನೆಸ್ಟ್ ರುದರ್‌ಫೋರ್ಡ್. ಆಲ್ಫಾ ಎಂಬ ಹೆಸರನ್ನು 1899ರಲ್ಲಿ ಇಟ್ಟವರೂ ಅವರೇ. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರು ಮತ್ತು ಥಾಮಸ್ ರಾಯ್ಡ್ಸ್ ಮಾಡಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಒಂದು ಗಾಜಿನ ಕೊಳವೆ. ಅದರ ಗೋಡೆ ಎಷ್ಟು ತೆಳುವೆಂದರೆ ಆಲ್ಫಾ ಕಣ ಹಾಯಬಲ್ಲದು, ಆದರೆ ಅನಿಲ ಸೋರದು. ಅದರೊಳಗೆ ರೇಡಾನ್ ಅನಿಲ ತುಂಬಿದರು. ಅದನ್ನು ಇನ್ನೊಂದು ದಪ್ಪ ಗಾಜಿನ ಕೊಳವೆಯೊಳಗೆ ಇಟ್ಟು, ಹೊರಕೊಳವೆಯ ಗಾಳಿಯನ್ನೆಲ್ಲ ತೆಗೆದರು. ಕೆಲವು ದಿನ ಕಾದರು. ನಂತರ ಹೊರಕೊಳವೆಯಲ್ಲಿ ಸೇರಿದ್ದ ಅನಿಲಕ್ಕೆ ವಿದ್ಯುತ್ ಹರಿಸಿದರು. ಹೀಲಿಯಮ್ಮಿನ ಹಳದಿ ಗೆರೆ ಬೆಳಗಿತು. ಒಳಕೊಳವೆಗೆ ಸಾದಾ ಹೀಲಿಯಂ ತುಂಬಿ ನೋಡಿದಾಗ ಹೊರಗೆ ಏನೂ ಬರಲಿಲ್ಲ. ಗೋಡೆ ಹಾದು ಬಂದದ್ದು ಸೋರಿದ ಅನಿಲವಲ್ಲ, ಆಲ್ಫಾ ಕಣವೇ ಎಂಬುದು ಖಚಿತವಾಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಸರಳ, ಇಷ್ಟು ನಿಸ್ಸಂದೇಹ ಪ್ರಯೋಗಗಳು ವಿರಳ.

ಅದೇ ಪ್ರಯೋಗಾಲಯದಲ್ಲಿ 1909ರಲ್ಲಿ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡನ್ ಆಲ್ಫಾ ಕಣಗಳನ್ನು ತೆಳು ಲೋಹದ ತಗಡಿಗೆ ಹೊಡೆದರು. ಸುಮಾರು 8,000ದಲ್ಲಿ ಒಂದು ಕಣ ಹಿಂದಕ್ಕೆ ಚಿಮ್ಮಿತು. ಪರಮಾಣುವಿನ ನಡುವೆ ಪುಟ್ಟ, ಭಾರವಾದ ಬೀಜ ಇದೆ ಎಂದು ರುದರ್‌ಫೋರ್ಡ್ 1911ರಲ್ಲಿ ಹೇಳಿದ್ದು ಇದರ ಬಲದ ಮೇಲೆ.

ಈವರೆಗಿನ ಮಾತು ಹೀಗಿದೆ. ಆಲ್ಫಾ ಕಣ ದೂರ ಹೋಗದು. ಹೋದ ಅಷ್ಟು ದಾರಿಯಲ್ಲಿ ದಟ್ಟವಾದ ಜಾಡು ಬಿಡುತ್ತದೆ. ನಿಂತ ಮೇಲೆ ಹೀಲಿಯಂ ಆಗುತ್ತದೆ. ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನೆಲದೊಳಕ್ಕೆ ಹೋಗಬಹುದು.

ದಾವಣಗೆರೆ ಜಿಲ್ಲೆಯ ಈ ಭಾಗದ ತಳಬಂಡೆ ಮುಖ್ಯವಾಗಿ ಎರಡು ಬಗೆಯದು. ಒಂದು, ನೈಸ್ ಮತ್ತು ಗ್ರಾನೈಟ್. ಬೂದು ಬಣ್ಣದ, ಬಿಳಿ ಕಪ್ಪು ಪಟ್ಟೆಗಳ ಗಟ್ಟಿ ಕಲ್ಲು. ಜಲ್ಲಿ ಕ್ರಷರುಗಳಲ್ಲಿ ಪುಡಿಯಾಗುವುದು ಹೆಚ್ಚಾಗಿ ಇದೇ. ಇನ್ನೊಂದು ಶಿಸ್ಟ್, ಪದರ ಪದರವಾಗಿ ಸೀಳುವ ಕಲ್ಲು. ಹೊನ್ನಾಳಿ, ನ್ಯಾಮತಿ ಕಡೆಯ ಕುದುರೆಕೊಂಡ, ಪಲವನಹಳ್ಳಿಗಳಲ್ಲಿ ಹಿಂದೆ ಚಿನ್ನಕ್ಕಾಗಿ ಅಗೆದದ್ದು ಈ ಶಿಸ್ಟ್ ಪಟ್ಟಿಯ ಕಲ್ಲನ್ನು. ಶಿಸ್ಟ್ ಪಟ್ಟಿಯಲ್ಲಿ ಸಿಗುವ, ಹಳೆಯ ಲಾವಾದಿಂದಾದ ಕಲ್ಲುಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ಕಡಿಮೆ. ಗ್ರಾನೈಟಿನಲ್ಲಿ ಹೆಚ್ಚು. ಹಾಗಾಗಿ ಒಂದೇ ತಾಲ್ಲೂಕಿನ ಎರಡು ಊರುಗಳ ನೆಲದಲ್ಲೂ ಆಲ್ಫಾ ಕಣಗಳ ಪ್ರಮಾಣ ಬೇರೆಯಾಗಿರಬಹುದು.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಈ ನೈಸ್ ಕಲ್ಲಿಗೆ ಪರ್ಯಾಯದ್ವೀಪದ ನೈಸ್ ಎಂಬ ಹೆಸರು ಕೊಟ್ಟರು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡವೂ ಇದೇ ಕಲ್ಲು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ನೆರೆಯ ಚಿತ್ರದುರ್ಗದ ಗ್ರಾನೈಟ್ ತುಸು ಕಿರಿಯದು, ಸುಮಾರು 260 ಕೋಟಿ ವರ್ಷ. ಇಂಥ ವಯಸ್ಸು ತಿಳಿಯುವ ಮುಖ್ಯ ದಾರಿ ಆಲ್ಫಾ ಕ್ಷಯವೇ.

ನೈಸ್ ಕಲ್ಲಿನಲ್ಲಿ ಜಿರ್ಕಾನ್ ಎಂಬ ಪುಟ್ಟ ಹರಳುಗಳಿವೆ. ಮರಳಿನ ಕಣಕ್ಕಿಂತ ಸಣ್ಣವು. ಹರಳು ಬೆಳೆಯುವಾಗ ಯುರೇನಿಯಮ್ಮನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ. ಸೀಸವನ್ನು ಹೊರಗಿಡುತ್ತದೆ. ಒಳಗಿನ ಯುರೇನಿಯಂ-238 ಎಂಟು ಆಲ್ಫಾ ಕಣ, ಆರು ಬೀಟಾ ಕಣ ಬಿಟ್ಟು ಕೊನೆಗೆ ಸೀಸ-206 ಆಗುತ್ತದೆ. ಸೀಸ ಮತ್ತೆ ಬದಲಾಗದು. ಹರಳಿನಲ್ಲಿ ಸೀಸ ಎಷ್ಟಿದೆ, ಯುರೇನಿಯಂ ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. 300 ಕೋಟಿ ವರ್ಷದ ಕಲ್ಲಿನಲ್ಲಿ ಮೂಲ ಯುರೇನಿಯಂ-238ರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಈಗಾಗಲೇ ಸೀಸವಾಗಿರುತ್ತದೆ. ಉಳಿದದ್ದು ಇನ್ನೂ ಕ್ಷಯಿಸುತ್ತಿದೆ.

ಜಿರ್ಕಾನ್ ಹರಳು ಕಪ್ಪು ಅಭ್ರಕದ ನಡುವೆ ಕುಳಿತಿದ್ದರೆ ಆಲ್ಫಾ ಕಣದ ಜಾಡನ್ನು ನೋಡಬಹುದು. ಇಂಥ ಕಲ್ಲನ್ನು ಕಾಗದಕ್ಕಿಂತ ತೆಳುವಾಗಿ ತೇದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕಂದು ಬಣ್ಣದ ಅಭ್ರಕದ ನಡುವೆ ಚುಕ್ಕಿಯಷ್ಟು ಹರಳು. ಅದರ ಸುತ್ತ ಕಡುಗಪ್ಪಾದ ಒಂದು ವೃತ್ತ. ವೃತ್ತದ ಅಂಚು ಚೊಕ್ಕ. ಕೆಲವೆಡೆ ಒಂದರ ಹೊರಗೊಂದು ಬಳೆಗಳೂ ಇರುತ್ತವೆ. ಹರಳಿನಿಂದ ಅಂಚಿಗೆ ಇರುವ ದೂರ ಒಂದು ಮಿಲಿಮೀಟರಿನ ನೂರರಲ್ಲಿ ಒಂದರಿಂದ ಮೂರ್ನಾಲ್ಕು ಭಾಗ. ಅಭ್ರಕದಲ್ಲಿ ಆಲ್ಫಾ ಕಣ ಹೋಗಬಲ್ಲ ದೂರ ಅಷ್ಟೇ. ಆ ಗಡಿಯವರೆಗೆ ಅಭ್ರಕ ಕೆಟ್ಟು ಕಪ್ಪಾಗಿದೆ, ಆಚೆಗೆ ಮುಟ್ಟಿಲ್ಲ. ಬೇರೆ ಬೇರೆ ಶಕ್ತಿಯ ಕಣಗಳು ಬೇರೆ ಬೇರೆ ದೂರದಲ್ಲಿ ನಿಂತದ್ದರಿಂದ ಬಳೆಗಳಾದವು. 1907ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಇದನ್ನು ವಿವರಿಸಿದರು.

ಕಲ್ಲಿನೊಳಗೆ ಹುಟ್ಟಿದ ಕಣ ಕಲ್ಲಿನೊಳಗೇ ನಿಲ್ಲುತ್ತದೆ ಎಂಬುದಕ್ಕೆ ಈ ವೃತ್ತವೇ ಸಾಕ್ಷಿ. ಚಪ್ಪಡಿಯ ಮೇಲೆ ಮಲಗಿದವರಿಗೆ ಚಪ್ಪಡಿಯೊಳಗಿನ ಆಲ್ಫಾ ಕಣ ತಾಗುವುದಿಲ್ಲ ಎನ್ನಲು ಕಾರಣವೂ ಇದೇ. ಹಾಗಿದ್ದರೆ ಚಿಂತೆ ಏತಕ್ಕೆ? ಮೊದಲ ಚಿಂತೆ ಇರುವುದು ಈ ಸಾಲಿನಲ್ಲಿ ಕಲ್ಲಿನಿಂದ ಗಾಳಿಗೆ ಬರಬಲ್ಲ ಒಂದೇ ಒಂದು ಧಾತುವಿನಿಂದ. ಅದು ರೇಡಾನ್.

ಯುರೇನಿಯಮ್ಮಿನ ಸಾಲಿನಲ್ಲಿ ರೇಡಿಯಂ ಆದ ಮೇಲೆ ಬರುವುದು ರೇಡಾನ್. ಹಿಂದಿನದೂ ಮುಂದಿನದೂ ಘನವಸ್ತುಗಳು. ಇದು ಮಾತ್ರ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೇರೆ ಯಾವುದರೊಂದಿಗೂ ಸುಲಭವಾಗಿ ಕೂಡುವುದಿಲ್ಲ. ಹಿನ್ನೂಕಿನ ಮಾತು ಹೇಳಿತ್ತಲ್ಲ, ಅದು ಇಲ್ಲಿ ಬೇಕು. ಹರಳಿನ ಅಂಚಿನಲ್ಲಿದ್ದ ರೇಡಿಯಂ ಪರಮಾಣು ಆಲ್ಫಾ ಕಣ ಬಿಟ್ಟಾಗ, ಹುಟ್ಟಿದ ರೇಡಾನ್ ಹಿಂದಕ್ಕೆ ಒದ್ದು ಹರಳಿನಿಂದ ಬಿರುಕಿಗೆ ಬೀಳುತ್ತದೆ. ಬಿರುಕಿನಲ್ಲಿ ನೀರಿದ್ದರೆ ನೀರಿಗೆ ಸೇರುತ್ತದೆ. ಗಾಳಿಯಿದ್ದರೆ ಮೇಲಕ್ಕೆ ಬರುತ್ತದೆ. ಅರ್ಧಾಯು ಸುಮಾರು ನಾಲ್ಕು ದಿನ. ಅಷ್ಟು ಕಾಲ ನೆಲದಿಂದ ಮನೆಯೊಳಕ್ಕೆ ಬರಲು ಸಾಕು.

ರೇಡಾನ್ ಅನಿಲ ಉಸಿರಿನಲ್ಲಿ ಒಳಗೆ ಹೋಗಿ ಬಹುಪಾಲು ಹಾಗೇ ಹೊರಗೆ ಬರುತ್ತದೆ. ನಿಜವಾದ ತೊಂದರೆ ಅದರ ಸಂತತಿಯದು. ರೇಡಾನ್ ಕ್ಷಯಿಸಿದರೆ ಪೊಲೋನಿಯಂ-218. ಅದು ಘನವಸ್ತು. ಗಾಳಿಯ ಧೂಳಿಗೆ, ಒಲೆಯ ಹೊಗೆಗೆ ಅಂಟಿಕೊಳ್ಳುತ್ತದೆ. ಆ ಧೂಳು ಶ್ವಾಸನಾಳದ ಒಳಗೋಡೆಯ ಮೇಲೆ ಕೂರುತ್ತದೆ. ಮೂರು ನಿಮಿಷದ ಅರ್ಧಾಯುವಿನಲ್ಲಿ ಪೊಲೋನಿಯಂ-218 ಒಂದು ಆಲ್ಫಾ ಕಣ ಬಿಡುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ಪೊಲೋನಿಯಂ-214 ಇನ್ನೊಂದನ್ನು ಬಿಡುತ್ತದೆ.

ಇಲ್ಲಿ ಚರ್ಮದ ಸತ್ತ ಪದರ ಇಲ್ಲ. ಶ್ವಾಸನಾಳದ ಒಳಪೊರೆ ತೆಳು, ಹಸಿ, ಜೀವಂತ. ಈ ಕಣಗಳು ಮಾಂಸದಲ್ಲಿ ಹೋಗಬಲ್ಲ ದೂರ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸು. ಹೊಸ ಜೀವಕೋಶಗಳನ್ನು ಹುಟ್ಟಿಸುವ ಪದರ ಅಷ್ಟರೊಳಗೇ ಇದೆ. ಗಾಳಿಯಲ್ಲಿ ಲಕ್ಷ ಪರಮಾಣುಗಳನ್ನು ಕದಡಿದ ಅದೇ ದಟ್ಟ ಜಾಡು ಇಲ್ಲಿ ಕೆಲವೇ ಜೀವಕೋಶಗಳೊಳಗೆ ಬೀಳುತ್ತದೆ. ಜೀವಕೋಶದ ವಂಶತಂತುವಿನ ಎರಡೂ ಎಳೆಗಳು ಒಟ್ಟಿಗೆ ತುಂಡಾಗಬಹುದು. ಅದನ್ನು ಸರಿಪಡಿಸುವುದು ದೇಹಕ್ಕೆ ಕಷ್ಟ. ಆದ್ದರಿಂದಲೇ ವಿಕಿರಣ ರಕ್ಷಣೆಯ ಲೆಕ್ಕದಲ್ಲಿ ಅದೇ ಪ್ರಮಾಣದ ಗಾಮಾ ಕಿರಣಕ್ಕಿಂತ ಆಲ್ಫಾ ಕಣಕ್ಕೆ 20 ಪಟ್ಟು ತೂಕ ಕೊಡುತ್ತಾರೆ.

ಬೀಡಿ ಸಿಗರೇಟು ಸೇದದವರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ರೇಡಾನ್ ಒಂದು ಪ್ರಮುಖ ಕಾರಣ. ಸೇದುವವರಿಗೆ ರೇಡಾನಿನ ಅಪಾಯ ಹಲವು ಪಟ್ಟು ಹೆಚ್ಚು. ಹೊಗೆಸೊಪ್ಪಿನ ಎಲೆಯಲ್ಲೇ ಪೊಲೋನಿಯಂ-210 ಇರುತ್ತದೆ. ಅದೂ ಆಲ್ಫಾ ಕಣ ಬಿಡುವ ಧಾತುವೇ. ಮನೆಯ ಗಾಳಿಯಲ್ಲಿ ರೇಡಾನ್ ಒಂದು ಘನ ಮೀಟರಿಗೆ 100 ಬೆಕರೆಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಸಾಧ್ಯವೇ ಆಗದ ಕಡೆ 300ನ್ನು ಮೀರಬಾರದು ಎಂದಿತು. ಒಂದು ಬೆಕರೆಲ್ ಅಂದರೆ ಸೆಕೆಂಡಿಗೆ ಒಂದು ಕ್ಷಯ.

ಇದನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಸಂಶೋಧಕರು ವರ್ಷಗಟ್ಟಲೆ ಮನೆಗಳ ರೇಡಾನ್ ಅಳೆದಿದ್ದಾರೆ. ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಒಂದು ಫಿಲ್ಮು. ಕೆಂಪು ಬಣ್ಣದ ತೆಳು ಪದರ, ಅದರಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ಚಿಕ್ಕ ತುಂಡನ್ನು ಡಬ್ಬಿಯೊಳಗಿಟ್ಟು ಕೋಣೆಯಲ್ಲಿ ನೇತುಹಾಕುತ್ತಾರೆ. ಮೂರು ತಿಂಗಳು ಅಲ್ಲೇ ಬಿಡುತ್ತಾರೆ. ವಿದ್ಯುತ್ ಬೇಡ, ಯಾರೂ ನೋಡಿಕೊಳ್ಳಬೇಕಿಲ್ಲ. ಆಲ್ಫಾ ಕಣ ಬಿದ್ದ ಕಡೆ ಕೆಂಪು ಪದರ ಒಳಗೊಳಗೇ ಕೆಡುತ್ತದೆ. ಆಮೇಲೆ ಫಿಲ್ಮನ್ನು 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸುಮಾರು ಒಂದೂವರೆ ಗಂಟೆ ಅದ್ದುತ್ತಾರೆ. ಕೆಟ್ಟ ಜಾಗ ಬೇಗ ಕರಗಿ ತೂತಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೆಂಪಿನ ನಡುವೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಒಂದು ಚುಕ್ಕಿ, ಒಂದು ಆಲ್ಫಾ ಕಣ. ಎಣಿಸಿದರೆ ಆ ಕೋಣೆಯ ಮೂರು ತಿಂಗಳ ಲೆಕ್ಕ ಕೈಗೆ ಬರುತ್ತದೆ.

ಹಾಗಾದರೆ, ಹೊರಗೆ ಹುಟ್ಟಿದ ಆಲ್ಫಾ ಕಣ ನಿರಪಾಯಕಾರಿ, ಶ್ವಾಸಕೋಶದೊಳಗೆ ಹುಟ್ಟಿದ್ದು ಹಾನಿಕರ ಎಂದಾಯಿತು. ಉಸಿರಿನ ದಾರಿ ಒಂದು. ಇನ್ನೊಂದು ದಾರಿ ನೀರು. ಜಗಳೂರಿಗೆ ಹೆಚ್ಚು ಸಂಬಂಧಿಸಿದ್ದು ಇದೇ.

ಈ ನಾಲ್ಕು ತಾಲ್ಲೂಕುಗಳ ನೀರಿನ ಸ್ಥಿತಿ ಒಂದೇ ಅಲ್ಲ. ಚನ್ನಗಿರಿಗೆ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ಹೊನ್ನಾಳಿಯ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತದೆ. ನ್ಯಾಮತಿ ಮಲೆನಾಡಿನ ಅಂಚಿಗೆ ಹತ್ತಿರ. ಜಗಳೂರು ಬರದ ಸೀಮೆ. ಅಲ್ಲಿ ದಶಕಗಳ ಕಾಲ ಬೋರ್‌ವೆಲ್ಲೇ ಗತಿ. ನೂರಾರು ಅಡಿ ಕೊರೆದು ತೆಗೆದ ನೀರಿನಲ್ಲಿ ಫ್ಲೋರೈಡ್ ಇರುವುದು ಅಲ್ಲಿನ ಜನಕ್ಕೆ ಹೊಸದಲ್ಲ.

ಬಯಲಿನಲ್ಲಿ ನಿಂತ ಕೆರೆಯ ನೀರಿನಲ್ಲಿ, ಹರಿಯುವ ಹೊಳೆಯ ನೀರಿನಲ್ಲಿ ರೇಡಾನ್ ನಿಲ್ಲುವುದಿಲ್ಲ. ಗಾಳಿ ತಾಗಿದ ಕೂಡಲೇ ಹಾರಿಹೋಗುತ್ತದೆ. ಬಂಡೆಯ ಬಿರುಕಿನಲ್ಲಿ ನಿಂತ ಆಳದ ನೀರಿನ ಮಾತು ಬೇರೆ. ಅದು ಕಲ್ಲಿಗೆ ತಾಗಿಕೊಂಡೇ ಬಹುಕಾಲ ಇರುತ್ತದೆ. ರೇಡಾನ್ ಅದರಲ್ಲಿ ಕರಗುತ್ತದೆ. ಯುರೇನಿಯಂ ಕೂಡ, ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ, ಸುಲಭವಾಗಿ ಕರಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ಮಿತಿ ಮೀರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಅಲ್ಲಿಯದೂ ಗ್ರಾನೈಟ್, ನೈಸ್ ನೆಲವೇ. ಹಾಗೆಂದು ಜಗಳೂರಿನಲ್ಲೂ ಹಾಗೇ ಇದೆ ಎಂದು ತೀರ್ಮಾನಿಸುವುದು ತಪ್ಪು. ಕಲ್ಲು ಊರಿಂದೂರಿಗೆ ಬದಲಾಗುತ್ತದೆ. ಪರೀಕ್ಷೆಯೊಂದೇ ದಾರಿ.

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ನೀರಿನಲ್ಲಿನ ಯುರೇನಿಯಂ ಎಂದರೆ ಜನ ವಿಕಿರಣಕ್ಕೇ ಹೆದರುತ್ತಾರೆ. ಅದರ ಮೊದಲ ಅಪಾಯ ವಿಕಿರಣದಿಂದಲ್ಲ. ಸೀಸದಂತೆ ಯುರೇನಿಯಮ್ಮೂ ಒಂದು ಭಾರಲೋಹ. ಅದು ಮೂತ್ರಪಿಂಡಕ್ಕೆ ರಾಸಾಯನಿಕವಾಗಿ ಹಾನಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಲೀಟರಿಗೆ 30 ಮೈಕ್ರೋಗ್ರಾಂ ಎಂಬ ಮಿತಿ ಇಟ್ಟಿರುವುದು ಆ ಕಾರಣಕ್ಕೆ. ಆಲ್ಫಾ ಕಣದ ದೃಷ್ಟಿಯಿಂದ ಹೆಚ್ಚು ಗಮನ ಬೇಕಾದದ್ದು ರೇಡಿಯಂ. ಅದು ರಾಸಾಯನಿಕವಾಗಿ ಸುಣ್ಣದಂಶಕ್ಕೆ ಹತ್ತಿರದ್ದು. ದೇಹ ಅದನ್ನು ಮೂಳೆಗೆ ಸೇರಿಸುತ್ತದೆ. ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಆಲ್ಫಾ ಕಣ ಬಿಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಆಲ್ಫಾ ಬಿಡುವ ವಸ್ತುಗಳಿಗೆ ಒಂದು ಲೀಟರಿಗೆ 0.1 ಬೆಕರೆಲ್ ಮಿತಿ ಇದೆ. ಅಂದರೆ ಒಂದು ಲೀಟರ್ ನೀರಿನಲ್ಲಿ ಹತ್ತು ಸೆಕೆಂಡಿಗೆ ಒಂದು ಆಲ್ಫಾ ಕಣ.

ಮೂಳೆಗೆ ಸೇರುವ ಇದೇ ಗುಣವನ್ನು ವೈದ್ಯರು ಚಿಕಿತ್ಸೆಗೂ ಬಳಸಿಕೊಂಡಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ರೋಗಿಗಳಿಗೆ ರೇಡಿಯಂ-223 ಕೊಡುತ್ತಾರೆ. ಅದು ಗಡ್ಡೆ ಇರುವ ಮೂಳೆಯ ಭಾಗಕ್ಕೆ ಹೋಗಿ ಅಲ್ಲೇ ಆಲ್ಫಾ ಕಣ ಬಿಡುತ್ತದೆ. ಕಣ ದೂರ ಹೋಗದ ಕಾರಣ ಸುತ್ತಲಿನ ಭಾಗ ಬಹುಪಾಲು ಉಳಿಯುತ್ತದೆ. ಆಲ್ಫಾ ಕಣಕ್ಕೆ ಬೇರೆ ಉಪಯೋಗಗಳೂ ಇವೆ. ಹೊಗೆ ಪತ್ತೆ ಮಾಡುವ ಕೆಲವು ಸಾಧನಗಳಲ್ಲಿ ಆಲ್ಫಾ ಬಿಡುವ ಅಮೆರಿಸಿಯಂ-241 ಇರುತ್ತದೆ. 2023ರ ಆಗಸ್ಟಿನಲ್ಲಿ ಚಂದ್ರನ ಮೇಲೆ ಇಳಿದ ಪ್ರಜ್ಞಾನ್ ರೋವರ್ ತನ್ನ ಜೊತೆ ಕ್ಯೂರಿಯಂ-244 ಒಯ್ದಿತ್ತು. ಅದರ ಆಲ್ಫಾ ಕಣ ಮತ್ತು ಎಕ್ಸ್ ಕಿರಣಗಳನ್ನು ಚಂದ್ರನ ಮಣ್ಣಿಗೆ ಹಾಯಿಸಿ, ಮಣ್ಣಿನಲ್ಲಿರುವ ಧಾತುಗಳನ್ನು ಗುರುತಿಸಿತು.

ಮತ್ತೆ ನೀರಿಗೆ ಬರೋಣ. ಬೋರ್‌ವೆಲ್ ನೀರಿನಲ್ಲಿ ಮೂರು ಬಗೆಯ ಆಲ್ಫಾ ಮೂಲಗಳು ಇರಬಹುದು ಎಂದಾಯಿತು. ಯುರೇನಿಯಂ, ರೇಡಿಯಂ, ರೇಡಾನ್. ಇವಕ್ಕೆ ಪರಿಹಾರ ಒಂದೇ ಅಲ್ಲ.

ರೇಡಾನಿಗೆ ಗಾಳಿಯೇ ಮದ್ದು. ಕೊಳವೆಯಿಂದ ಬಂದ ನೀರನ್ನು ತೊಟ್ಟಿಗೆ ಎತ್ತರದಿಂದ ಬೀಳಿಸಿದರೆ ಬಹುಪಾಲು ರೇಡಾನ್ ಹೊರಟುಹೋಗುತ್ತದೆ. ಒಂದೆರಡು ವಾರ ಸಂಗ್ರಹದಲ್ಲಿ ಇಟ್ಟರೂ ತಾನಾಗಿ ಕ್ಷಯಿಸಿ ಕಡಿಮೆಯಾಗುತ್ತದೆ. ಕುದಿಸಿದರೂ ಹೋಗುತ್ತದೆ. ಆದರೆ ಕುದಿಸಿದರೆ ಯುರೇನಿಯಂ, ರೇಡಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಸ್ವಲ್ಪ ಏರುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವ ಆರ್‌ಒ ಪೊರೆ ಇದಕ್ಕೆ ವಿರುದ್ಧ. ಅದು ಫ್ಲೋರೈಡಿನ ಜೊತೆ ಯುರೇನಿಯಂ, ರೇಡಿಯಂಗಳ ಬಹುಪಾಲನ್ನು ತಡೆಯುತ್ತದೆ. ರೇಡಾನ್ ಅನಿಲವಾದ್ದರಿಂದ ಪೊರೆಯನ್ನು ಹಾಯುತ್ತದೆ. ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಈ ಲಾಭವೂ ಉಳಿಯದು.

ಮನೆಯ ಗಾಳಿಗೆ ಉಪಾಯ ಇನ್ನೂ ಸುಲಭ. ನೆಲದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಬೆಳಿಗ್ಗೆ ಬಾಗಿಲು ಕಿಟಕಿ ತೆರೆದಿಡಬೇಕು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಕ್ಕಳು ಮಲಗುವುದಾದರೆ ಅಲ್ಲಿಗೊಂದು ಗವಾಕ್ಷಿ ಮಾಡಿಸುವುದು ಒಳ್ಳೆಯದು. ಮನೆಯೊಳಗೆ ಬೀಡಿ ಸೇದುವುದನ್ನು ನಿಲ್ಲಿಸಬೇಕು.

ನೀರಿನ ವಿಚಾರದಲ್ಲಿ ಪಂಚಾಯಿತಿ ಮಾಡಬೇಕಾದ ಕೆಲಸ ಒಂದಿದೆ. ಈಗ ಹೊಸ ಬೋರ್‌ವೆಲ್ ಕೊರೆಸಿದಾಗ ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗೆ ನೀರು ಕಳುಹಿಸುವುದುಂಟು. ಹಳ್ಳಿಯಲ್ಲಿ ಬಳಸುವ ಪರೀಕ್ಷಾ ಕಿಟ್‌ಗಳಲ್ಲಿ ಯುರೇನಿಯಂ ಆಗಲಿ, ಆಲ್ಫಾ ಆಗಲಿ ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಜಗಳೂರಿನಂಥ ಕಡೆ, ಆಳದ ಬೋರ್‌ವೆಲ್ ನೀರನ್ನೇ ಕುಡಿಯುವ ಪ್ರತಿ ಊರೂ ಅದೇ ಅರ್ಜಿಯಲ್ಲಿ ಯುರೇನಿಯಂ ಮತ್ತು ಒಟ್ಟು ಆಲ್ಫಾ ಪರೀಕ್ಷೆಯನ್ನೂ ಬರೆದು ಕೇಳಬೇಕು. ಫಲಿತಾಂಶದ ಹಾಳೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು.